ಶಾಂತಿಗೆ ಮೂರು ಕೊಟೇಶನ್

ಇವತ್ತು ಬೆಳಿಗ್ಗೆ ಹಾಲು ಉಕ್ಕಿ ಒಲೆಯ ಮೇಲೆಲ್ಲ ಸೀದುಹೋಯಿತು. ಆ ವಾಸನೆ ಬಂದರೆ ನನಗೆ ಮಗಳ ಕಾಲೇಜು ನೆನಪಾಗುತ್ತದೆ. ನಗಬೇಡಿ, ಕಾರಣವಿದೆ. ಎರಡು ವರ್ಷದ ಹಿಂದೆ ಇದೇ ಘಾಟ್ಕೋಪರಿನ ಅಡುಗೆಮನೆಯಲ್ಲಿ ಮಗಳು ಅನಘಾ, ತಾನು ಶಾಂತಿ ಅಧ್ಯಯನ ಮತ್ತು ಸಂಘರ್ಷ ಪರಿಹಾರದಲ್ಲಿ ಡಿಗ್ರಿ ಮಾಡುತ್ತೇನೆಂದಾಗ, ಹಾಲು ಕಾಯಿಸುತ್ತಿದ್ದ ನಮ್ಮ ಯಜಮಾನರು ಒಲೆ ಮರೆತು ಅವಳನ್ನೇ ನೋಡುತ್ತ ನಿಂತುಬಿಟ್ಟಿದ್ದರು; ಹಾಲು ಉಕ್ಕಿ ಸೀದಿತ್ತು.

"ಜಗಳ ಬಿಡಿಸೋಕೆ ಡಿಗ್ರಿ ಬೇಕೇನಮ್ಮಾ? ಲೋಕಲ್ ಟ್ರೈನ್‌ನಲ್ಲಿ ದಿನಾ ಬಿಡಿಸ್ತಾರೆ, ಫ್ರೀಯಾಗಿ."

ಇವರು ವಿಕ್ರೋಳಿಯ ಕಾರ್ಖಾನೆಯೊಂದರ ಪರ್ಚೇಸ್ ವಿಭಾಗದವರು. ಮೂರು ಕೊಟೇಶನ್ ತರಿಸದೆ ಒಂದು ಬೋಲ್ಟನ್ನೂ ಕೊಂಡವರಲ್ಲ. ಹೆಣ್ಣು ನೋಡಲು ಬಂದಾಗ ನಾನು ಎಷ್ಟನೆಯವಳಾಗಿದ್ದೆನೆಂದು ಇಂದಿಗೂ ಬಾಯಿಬಿಟ್ಟಿಲ್ಲ. ಮಗಳಿಗೂ ಅದೇ ಷರತ್ತು: ಮೂರು ಕಡೆ ನೋಡುವುದು, ಕೊಟ್ಟ ದುಡ್ಡಿಗೆ ತಕ್ಕ ಮಾಲು ಸಿಕ್ಕರೆ ಸೇರುವುದು, ಇಲ್ಲವಾದರೆ ಸುಮ್ಮನೆ ಬಿ.ಕಾಂ. ಬಿ.ಕಾಂ. ಎಂದರೆ ಸಾಕು, ಹುಡುಗಿಯ ಮುಖ ಬಾಡುತ್ತಿತ್ತು.

ಮೊದಲನೆಯದು ಊರಾಚೆಯ ವಿಶ್ವವಿದ್ಯಾಲಯ. ಹುಲ್ಲುಹಾಸು, ಕಾರಂಜಿ, ಎಲ್ಲ ಇತ್ತು. ಫೀ ಕೇಳಿ ಇವರ ಶಾಂತಿಯೇ ಕದಡಿಹೋಯಿತು. ಎರಡನೆಯದು ಮನೆಯಲ್ಲೇ ಕೂತು ಓದುವ ಕೋರ್ಸು, ತೀರಾ ಅಗ್ಗ. ಇವರಿಗೆ ಮನಸ್ಸಾಗಿತ್ತು.

"ಪಪ್ಪಾ, ಒಬ್ಳೇ ಕೂತು ಯಾರ ಜೊತೆ ರಾಜಿ ಮಾಡ್ಲಿ? ಫ್ಯಾನ್ ಜೊತೆನಾ?" ಎಂದಳು ಅನಘಾ.

ಉಳಿದದ್ದು ಬೊರಿವಲಿಯ ಹಳೆಯ ಕಾಲೇಜು. ಫೀ ಕಡಿಮೆ. ಅದಕ್ಕಿಂತ ಮುಖ್ಯವಾಗಿ, ಎರಡನೆಯ ವರ್ಷದಿಂದ ವಠಾರದಂಥ ಚಾಳು, ಹೌಸಿಂಗ್ ಸೊಸೈಟಿ ಎಂದು ಅಲೆದು ನಿಜವಾದ ಜಗಳಗಳ ನಡುವೆ ಕೂತು ಕಲಿಯಬೇಕು. ಇಡೀ ವಿಭಾಗಕ್ಕೆ ಇಬ್ಬರು ಮೇಡಂ, ಒಂದು ಕೋಣೆ. ಇವರು ಬೋಲ್ಟ್ ಕೊಳ್ಳುವ ದನಿಯಲ್ಲಿ, ಏನಾದರೂ ಸ್ಯಾಂಪಲ್ ಸಿಗುತ್ತದೆಯೇ ಎಂದು ಹಿಂದಿಯಲ್ಲಿ ಕೇಳಿದರು. ನನಗೆ ನೆಲ ಬಾಯಿಬಿಡಬಾರದೇ ಅನಿಸಿತು. ಅಷ್ಟರಲ್ಲಿ ಒಬ್ಬ ಮೇಡಂ ಎದ್ದು ಕಿಟಕಿ ಮುಚ್ಚಿದರು, ಇನ್ನೊಬ್ಬರು ತೆರೆದರು. ಮರಾಠಿಯಲ್ಲಿ ಜಗಳ ಶುರುವಾಯಿತು ನೋಡಿ, ನಾವು ಮೂವರು ಇದ್ದೇವೆಂಬುದೇ ಅವರಿಗೆ ಮರೆತುಹೋಯಿತು. ಕೇಳಿದ ಸ್ಯಾಂಪಲ್ ಸಿಕ್ಕಿತ್ತಲ್ಲ, ಇವರ ಮುಖ ಅರಳಿತು.

ಸ್ಟೇಷನ್ನಿನ ದಾರಿಯಲ್ಲಿ ಇವರ ತೀರ್ಪು ಬಂತು. "ಒಂದು ಕಿಟಕಿಗೇ ಶಾಂತಿ ಇಲ್ಲ. ಮಾಲು ರಿಜೆಕ್ಟ್."

ಅನಘಾಳ ಕಣ್ಣು ತುಂಬಿತ್ತು, ಆದರೂ ಬಿಡಲಿಲ್ಲ. "ಪಪ್ಪಾ, ನೀವು ಸರಿಯಾಗಿ ನೋಡೇ ಇಲ್ಲ. ಜಗಳ ಆಡ್ತಾನೇ ಕಿಟಕಿ ಮುಚ್ಚಿದ ಮೇಡಂ ತಮ್ಮ ಚಾಯ್ ಅರ್ಧ ಇನ್ನೊಬ್ರ ಕಪ್‌ಗೆ ಹಾಕಿದ್ರು. ಅವ್ರೂ ಕುಡಿದ್ರು. ನಂಗೆ ಅದೇ ಸೀಖ್ನಾ ಹೈ, ಅದೇ ಕಲೀಬೇಕು."

ಅಂಧೇರಿಯಲ್ಲಿ ಇವರು ನಮ್ಮನ್ನು ಲೋಕಲ್‌ನಿಂದ ಇಳಿಸಿದರು. ಮೆಟ್ರೋ ಹತ್ತುವಾಗ, "ಸರಿ, ಆರ್ಡರ್ ಕೊಟ್ಬಿಡೋಣ," ಎಂದರು.

ಈಗ ಅವಳದು ಎರಡನೆಯ ವರ್ಷ. ಇವತ್ತು ತಿಂಡಿಯಾದ ಮೇಲೆ ಹೋಮ್‌ವರ್ಕ್ ಎಂದು ನಮ್ಮಿಬ್ಬರನ್ನೂ ಎದುರುಬದುರು ಕೂರಿಸಿದಳು. ನಿಯಮ ಒಂದೇ: ಎದುರಿನವರ ದೂರನ್ನು ಮೊದಲು ಹೇಳಿ, ಆಮೇಲೆ ನಮ್ಮದು ಹೇಳಿಕೊಳ್ಳಬೇಕು.

ಇವರು ಗಂಟಲು ಸರಿಮಾಡಿಕೊಂಡರು. "ನಾನು ಇವ್ಳ ಮಾತು ಕೇಳಿಸ್ಕೊಳಲ್ಲ, ಅದೇ ಇವ್ಳ ದೂರು. ಮೈಸೂರಲ್ಲಿ ಸಂಗೀತ ಪಾಠ ಹೇಳ್ತಿದ್ಳು. ಈ ಊರಿಗೆ ಬಂದು ಅದು ನಿಂತೋಯ್ತು. ಒಂದೇ ಒಂದ್ಸಲ ಹೇಳಿದ್ಳು. ನಾನು ಟಿವಿ ನೋಡ್ತಿದ್ದೆ. ಕೇಳಿಸ್ಲಿಲ್ಲ ಅಂದ್ಕೊಂಡಿದಾಳೆ."

ನನಗೆ ಅಳು ಬಂತು. ಬೆನ್ನಿಗೇ ಸಿಟ್ಟೂ ಬಂತು. ಇಷ್ಟು ಚುರುಕು ಕಿವಿ ಇಟ್ಟುಕೊಂಡು ಇಷ್ಟು ವರ್ಷ ಕಿವುಡರ ಹಾಗೆ ಕೂತಿದ್ದರಲ್ಲ!

"ಅಮ್ಮಾ, ಈಗ ನಿನ್ ಟರ್ನ್. ಪಪ್ಪಾಂದು ಏನು ಕಂಪ್ಲೇಂಟು?"

ಬಾಯಿ ತೆರೆದೆ. ಒಂದೂ ಹೊಳೆಯಲಿಲ್ಲ.

"ನೀವೇ ಹೇಳ್ರೀ," ಎಂದೆ ಮೆಲ್ಲಗೆ. "ಕೇಳಿಸ್ಕೋತೀನಿ."

ಇವರು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. ಈಗ ಮಧ್ಯಾಹ್ನವಾಗಿದೆ. ಇವರ ದೂರು ಇನ್ನೂ ಮುಗಿದಿಲ್ಲ.