ಅವ್ವ ಅಂದದ್ದು ‘ಬಂದ್’ ಅಂತಲೋ, ‘ಬಂದಾ’ ಅಂತಲೋ

ಮೊದಲೇ ಹೇಳಿಬಿಡುತ್ತೇನೆ, ನಾನು ಇಂಥವನ್ನೆಲ್ಲ ನಂಬುವವಳಲ್ಲ. ನಂಬದಿರುವುದೇ ನನ್ನ ಹೊಟ್ಟೆಪಾಡು. ಪುಣೆಯ ಒಂದು ವಿಮಾ ಕಚೇರಿಯಲ್ಲಿ ಜನ ಕಳಿಸುವ ಕ್ಲೇಮುಗಳಲ್ಲಿ ನಿಜವೆಷ್ಟು, ಸುಳ್ಳೆಷ್ಟು ಎಂದು ಹೆಕ್ಕಿ ತೆಗೆಯುವುದು ನನ್ನ ಕೆಲಸ. ನಮ್ಮ ಬಳಗದಲ್ಲಿ ಯಾರಾದರೂ ದೆವ್ವದ ಕತೆ ತೆಗೆದರೆ ನಡುವೆ ಬಾಯಿ ಹಾಕಿ, ‘ನೋಡಿದವರು ಮತ್ತ್ಯಾರು? ಆಗ ಕರೆಂಟ್ ಇತ್ತೋ ಇಲ್ಲೋ?’ ಎಂದು ಕೇಳಿ ಮಜಾ ಕೆಡಿಸುವವಳು ನಾನೇ. ಈಗ ನೀವು ನನಗೆ ಅದನ್ನೇ ಕೇಳಬಹುದು. ಕೇಳಿರಿ, ನನ್ನ ತಕರಾರಿಲ್ಲ.

ಕತೆ ಒಂದು ಫ್ರಿಜ್ಜಿನದು. ನಾವು ಧಾರವಾಡದ ಹತ್ತಿರದ ಹಳ್ಳಿಯವರು. ಅಪ್ಪ ತೀರಿಕೊಂಡ ಮೇಲೆ ನಮ್ಮಣ್ಣನಿಗೆ ಪುಣೆ ಹತ್ತಿರದ ಭೋಸರಿಯ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿತು. ಅವ್ವನನ್ನೂ ನನ್ನನ್ನೂ ಕಟ್ಟಿಕೊಂಡು ಬಂದ. ಅವ್ವನಿಗೆ ಪರನಾಡು, ಪರಭಾಷೆ. ಬಾಗಿಲು ದಾಟುತ್ತಿರಲಿಲ್ಲ. ಹೀಗಿರುವಾಗ ಒಂದು ದಿನ ಅಣ್ಣ ಟೆಂಪೋದಲ್ಲಿ ತಿಳಿಹಸಿರು ಬಣ್ಣದ ಫ್ರಿಜ್ಜು ಹೇರಿಕೊಂಡು ಬಂದ. ಓಣಿಯ ಹೆಂಗಸರು ಬರ್ಫ ಕೇಳಲು ಬರತೊಡಗಿದರು. ‘ಬರ್ಫ ಸಂಪ್ಲಾ’, ಅಂದರೆ ಮಂಜುಗಡ್ಡೆ ಮುಗಿಯಿತು, ಇದೇ ಅವ್ವ ಆಡಿದ ಮೊದಲ ಮರಾಠಿ ಮಾತು. ಆಮೇಲೆ ಆ ಹೆಂಗಸರೇ ಅವಳಿಗೆ ಗೆಳತಿಯರಾದರು. ಪುಣೆ ನಮ್ಮದಾದದ್ದು ಆ ಫ್ರಿಜ್ಜಿನಿಂದ ಅಂದರೂ ತಪ್ಪಿಲ್ಲ.

ಅಣ್ಣನದೊಂದು ಚಾಳಿ ಇತ್ತು. ಮೊದಲ ಪಾಳಿ ಮುಗಿಸಿ ಮಧ್ಯಾಹ್ನ ಬಂದವನೇ ಚಪ್ಪಲಿ ಸಹ ಬಿಡದೆ ಫ್ರಿಜ್ಜಿಗೆ ಹೋಗುವನು. ಶರಬತ್ತಿನ ಹಳೆಯ ಗಾಜಿನ ಬಾಟಲಿಯಲ್ಲಿ ತಣ್ಣೀರು ಇಟ್ಟಿರುತ್ತಿದ್ದೆವು. ಅದನ್ನು ಗಟಗಟ ಕುಡಿದು, ಖಾಲಿ ಬಾಟಲಿಯನ್ನು ಹಾಗೇ ಒಳಗಿಟ್ಟು, ಮೊಣಕಾಲಿನಿಂದ ಬಾಗಿಲನ್ನು ಧಡ್ ಅಂತ ಮುಚ್ಚಿ, ಮೇಲೆ ಎರಡು ಸಲ ತಟ್ಟುವನು. ಬಾಗಿಲಿನ ರಬ್ಬರು ಸಡಿಲಾಗಿತ್ತು, ತಟ್ಟದಿದ್ದರೆ ಕೂಡುತ್ತಿರಲಿಲ್ಲ. ಒಳಕೋಣೆಯಲ್ಲಿ ಅಡ್ಡಾಗಿರುತ್ತಿದ್ದ ಅವ್ವ ಆ ಸದ್ದು ಕೇಳಿ, ‘ಬಂದಾ’ ಎಂದು ತನ್ನಷ್ಟಕ್ಕೆ ತಾನೇ ಅಂದು, ರೊಟ್ಟಿ ಬಡಿಸಲು ಏಳುವಳು. ಏಳುತ್ತಲೇ ಬೈಗುಳ: ‘ಖಾಲಿ ಬಾಟ್ಲಿ ಇಟ್ಟಿಯೇನೋ ಭಾಡ್ಯಾ, ತುಂಬಿಸಿಡಾಕ ಕೈ ನೋಯ್ತಾವೇನು?’

ಒಂದು ದಿನ ಪಾಳಿ ಮುಗಿಸಿ ಹೊರಟ ಅಣ್ಣ ಮನೆ ಮುಟ್ಟಲಿಲ್ಲ. ಹೆದ್ದಾರಿಯಲ್ಲಿ ಟ್ರಕ್ಕು ಬಡಿಯಿತು. ಇನ್ನು ಅದರ ಬಗ್ಗೆ ಬರೆಯಲಾರೆ.

ನನ್ನ ಮದುವೆಯಾದ ಮೇಲೆ ಅವ್ವ ನಮ್ಮ ಮನೆಗೇ ಬಂದಳು. ಜೊತೆಗೆ ಫ್ರಿಜ್ಜೂ ಬಂತು. ಬದಲಾಯಿಸೋಣ ಅಂದರೆ ಮುಖ ತಿರುಗಿಸುತ್ತಿದ್ದಳು. ವರ್ಷಗಳು ಕಳೆದವು. ಕೆಲವು ವರ್ಷಗಳ ಹಿಂದೆ ಅವಳಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಹೋದವು, ಮಾತೂ ಹೋಯಿತು. ಮಾತು ತಿರುಗಿ ಬಂದರೂ ಬಂದೀತು, ದಿನಾ ಮಾತಾಡಿಸುತ್ತಿರಿ ಎಂದರು ಡಾಕ್ಟರು. ತಿಂಗಳುಗಟ್ಟಲೆ ನಾನು ಅವಳ ಮಂಚದ ಹತ್ತಿರ ಕೂತು, ‘ಅವ್ವಾ, ನನ್ನ ಹೆಸರು ಹೇಳಬೇ, ಒಂದ ಸಲ ಹೇಳ’ ಎಂದು ಗೋಗರೆದೆ. ಬಾಯಿ ತೆರೆಯುತ್ತಿದ್ದಳು, ಬರೀ ಉಸಿರು ಬರುತ್ತಿತ್ತು. ನನಗೆ ಬೇರೇನೂ ಬೇಡವಾಗಿತ್ತು, ಆ ಬಾಯಿಂದ ಒಂದು ಮಾತು ಬೇಕಿತ್ತು.

ಆ ಬೇಸಿಗೆಯಲ್ಲಿ ಫ್ರಿಜ್ಜು ತಂಪು ಹಿಡಿಯುವುದನ್ನೇ ಬಿಟ್ಟಿತು. ರಿಪೇರಿಯವನು ಕೈಚೆಲ್ಲಿದ. ಅವ್ವನ ಇನ್ಸುಲಿನ್ ಕೆಡುವಂತಿರಲಿಲ್ಲವಲ್ಲ, ಅದಕ್ಕೇ ಪುಣೆಯ ಕ್ಯಾಂಪ್ ಪೇಟೆಯ ಅಂಗಡಿಯೊಂದರಲ್ಲಿ ಎಕ್ಸ್‌ಚೇಂಜ್ ಮಾಡಿ ಹೊಸದನ್ನು ಗೊತ್ತು ಮಾಡಿ ಬಂದೆವು. ಮರುದಿನ ಬೆಳಿಗ್ಗೆ ಹೊಸದು ಬಂತು. ಹಳೆಯದನ್ನು ಹಾಲಿನಲ್ಲಿ, ಅವ್ವನ ಮಂಚದ ಎದುರಿನ ಗೋಡೆಗೆ ಸರಿಸಿದರು. ಸಂಜೆ ಗಾಡಿ ತಂದು ಒಯ್ಯುತ್ತೇವೆ ಅಂದರು. ಗಂಡ ಆಫೀಸಿಗೆ ಹೋದ ಮೇಲೆ ಮುಂಬಾಗಿಲಿನ ಚಿಲಕ ಹಾಕಿ, ಹಳೆಯ ಫ್ರಿಜ್ಜನ್ನು ಒಳಗೆಲ್ಲ ಒರೆಸಿದೆ. ಅದರ ವೈರು ಸುತ್ತಿ ಹಿಂದೆ ಕಟ್ಟಿದೆ. ಅಣ್ಣನ ಆ ಗಾಜಿನ ಬಾಟಲಿಯನ್ನು ತುಂಬಿಸಿ ಹೊಸದರಲ್ಲಿ ಇಟ್ಟೆ. ಒರೆಸುವಾಗ ಕಣ್ಣಲ್ಲಿ ನೀರು ಬಂತು, ಸುಳ್ಳು ಯಾಕೆ ಹೇಳಲಿ. ತಗಡಿನ ಡಬ್ಬಿಗೆ ಅಳುತ್ತೀಯಲ್ಲ ಎಂದು ನನಗೆ ನಾನೇ ಬೈದುಕೊಂಡೆ.

ಮಧ್ಯಾಹ್ನ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಹಾಲಿನಲ್ಲಿ ಧಡ್ ಅಂತು. ಆಮೇಲೆ ಎರಡು ಸಲ ತಟ್ಟಿದ ಸದ್ದು. ಗಂಡ ಬೇಗ ಬಂದಿರಬೇಕು ಅಂದುಕೊಂಡೆ. ಮರುಕ್ಷಣವೇ ಚಿಲಕ ನೆನಪಾಯಿತು. ಅಷ್ಟರಲ್ಲಿ ಅವ್ವನ ದನಿ ಕೇಳಿತು.

‘ಬಂದಾ.’

ಸಾಬೂನಿನ ಕೈಯಲ್ಲೇ ಓಡಿದೆ. ಅವ್ವ ಮಾತಾಡಿದ್ದಾಳೆ! ಆ ಖುಷಿಯಲ್ಲಿ ಮಿಕ್ಕದ್ದೆಲ್ಲ ಮರೆತೇಹೋಯಿತು. ಅವಳು ಹಳೆಯ ಫ್ರಿಜ್ಜನ್ನೇ ನೋಡುತ್ತಿದ್ದಳು. ‘ಬಂದ್’ ಅಂದಳು ಅಂದುಕೊಂಡೆ. ಪುಣೆಯಲ್ಲಿ ಬದುಕಿದವರಿಗೆ ಆ ಮಾತಿನ ಅರ್ಥ ಒಂದೇ ತಾನೆ? ಅಂಗಡಿ ಬಂದ್, ನಳ ಬಂದ್, ಲೈಟು ಬಂದ್. ‘ಹೌದಬೇ, ಬಂದ್ ಮಾಡೀನಿ. ಹೊಸಾದು ಚಾಲೂ ಆಗೇದ ನೋಡ’ ಎಂದೆ.

ಅವ್ವ ತಲೆ ಅಲ್ಲಾಡಿಸಿದಳು. ನಾನು ಮಗ್ಗಿ ತಪ್ಪಿದಾಗ ನೋಡುತ್ತಿದ್ದಳಲ್ಲ, ಹಾಗೆ ಸಿಡಿಮಿಡಿಯಿಂದ ನೋಡಿದಳು. ಮತ್ತೆ ಅಂದಳು, ಈ ಸಲ ಎಳೆದು: ‘ಬಂದಾಽ.’ ಎಡಗೈಯನ್ನು ಬಾಯಿಯ ಹತ್ತಿರ ತಂದು ನೀರು ಕುಡಿಯುವವರಂತೆ ಎತ್ತಿ ತೋರಿಸಿದಳು.

ಹೋಗಿ ಹಳೆಯ ಫ್ರಿಜ್ಜಿನ ಬಾಗಿಲು ತೆರೆದೆ. ಒಳಗೆ ದೀಪ ಹತ್ತಲಿಲ್ಲ, ಹತ್ತಲು ಕರೆಂಟೆಲ್ಲಿ? ಆದರೆ ತಣ್ಣನೆಯ ಗಾಳಿ ಮುಖಕ್ಕೆ ಹೊಡೆಯಿತು. ಬಾಗಿಲಿನ ಗೂಡಿನಲ್ಲಿ ಆ ಗಾಜಿನ ಬಾಟಲಿ ನಿಂತಿತ್ತು. ಹೊರಗೆಲ್ಲ ನೀರ ಹನಿ ಇಳಿಯುತ್ತಿತ್ತು. ಒಳಗೆ ತೊಟ್ಟು ನೀರಿರಲಿಲ್ಲ.

ಹೊಸ ಫ್ರಿಜ್ಜನ್ನು ನೋಡಿದೆ. ಬಾಟಲಿ ಇಟ್ಟ ಜಾಗ ಖಾಲಿ. ಮುಂಬಾಗಿಲು ನೋಡಿದೆ. ಚಿಲಕ ಹಾಕಿದ್ದು ಹಾಕಿದಂತೆಯೇ ಇತ್ತು. ಮಗ್ಗುಲು ಬದಲಿಸಲೂ ನನ್ನ ಕೈ ಬೇಕಿದ್ದ ಅವ್ವ ಏಳುವ ಮಾತೇ ಇಲ್ಲ. ಅವಳ ಮಂಚದ ಪಕ್ಕ ನೆಲದ ಮೇಲೆ ಕೂತುಬಿಟ್ಟೆ. ಅವ್ವ ಮಾತ್ರ ನಗುತ್ತಿದ್ದಳು.

ಸಂಜೆ ಗಾಡಿಯವನು ಬಂದ. ಫ್ರಿಜ್ಜಿನ ಸುತ್ತ ಒಂದು ಸುತ್ತು ಹಾಕಿ, ‘ತಾಯೀ, ಚಾಲೂ ಆಹೆ ಕೀ ಬಂದ್?’ ಎಂದು ಮರಾಠಿಯಲ್ಲಿ ನನ್ನನ್ನು ಕೇಳಿದ. ನಡೆಯುತ್ತದೋ, ನಿಂತಿದೆಯೋ ಎಂದು. ನಾನು ಬಾಯಿ ತೆರೆಯುವ ಮೊದಲೇ ಮಂಚದಿಂದ ಉತ್ತರ ಬಂತು.

‘ಬಂದಾ.’

‘ಆಜೀ ಬರೋಬರ್ ಬೋಲ್ಲ್ಯಾ’ ಎಂದು ಅವನು ನಕ್ಕ. ಅಜ್ಜಿ ಸರಿಯಾಗಿ ಹೇಳಿದರು ಎಂದು ಅವನ ಮಾತಿನ ಅರ್ಥ. ಎತ್ತಲು ಬಗ್ಗಿದ. ‘ನಕೋ! ನೇಊ ನಕಾ, ಬೇಡ, ಒಯ್ಯಬೇಡ್ರಿ’ ಎಂದು ಎರಡೂ ಭಾಷೆಯಲ್ಲಿ ಚೀರಿದೆ. ಅವನು ಬೆಚ್ಚಿ ಹಿಂದೆ ಸರಿದ.

ರಾತ್ರಿ ಗಂಡನಿಗೆ ಎಲ್ಲ ಹೇಳಿದೆ. ‘ಏನ್ ಮೇಡಂ, ಈ ಕ್ಲೇಮ್ ಪಾಸ್ ಮಾಡ್ತೀ ಏನು?’ ಎಂದು ಚೇಷ್ಟೆ ಮಾಡಿದರು. ನಾನೂ ಬೇಕಾದಷ್ಟು ತಡಕಾಡಿದ್ದೇನೆ. ಬಾಟಲಿಯನ್ನು ಮರೆತು ಹಳೆಯದರಲ್ಲೇ ಇಟ್ಟೆನೆ? ಹಾಗಾದರೆ ಆ ತಂಪು ಎಲ್ಲಿಯದು? ಸದ್ದು ಪಕ್ಕದ ಮನೆಯದೇ? ಅವ್ವ ಅಂದದ್ದು ‘ಬಂದ್’ ಆಗಿದ್ದರೆ ತಲೆ ಯಾಕೆ ಅಲ್ಲಾಡಿಸಿದಳು? ಹೊಸ ಫ್ರಿಜ್ಜು ಬಂದದ್ದಕ್ಕಾದರೆ ‘ಬಂತು’ ಅನ್ನಬೇಕು. ತೀರಿಹೋದ ಅಪ್ಪನ ಮಾತಾದರೆ ‘ಬಂದ್ರು’ ಅನ್ನುವಳು, ನನ್ನ ಗಂಡನಿಗೂ ಹಾಗೆಯೇ. ಅವ್ವ ‘ಬಂದಾ’ ಅನ್ನುತ್ತಿದ್ದದ್ದು ಜಗತ್ತಿನಲ್ಲಿ ಒಬ್ಬನಿಗೇ.

ಅವ್ವ ಆ ಮಳೆಗಾಲ ದಾಟಲಿಲ್ಲ. ಆ ದಿನದ ನಂತರ ಮತ್ತೆ ಬಾಯಿ ಬಿಡಲಿಲ್ಲ. ನನ್ನ ಹೆಸರು ಅವಳ ಬಾಯಿಗೆ ಬರಲೇ ಇಲ್ಲ. ಹೊಟ್ಟೆಕಿಚ್ಚು ಅನ್ನಿರಿ ಬೇಕಾದರೆ, ಆ ಸಂಕಟ ನನಗೆ ಇಂದಿಗೂ ಇದೆ. ಹಳೆಯ ಫ್ರಿಜ್ಜು ಹಾಲಿನಲ್ಲೇ ಇದೆ, ವೈರು ಕಟ್ಟಿದ ಹಾಗೇ ಇದೆ. ರಜೆಯ ಮಧ್ಯಾಹ್ನ ಯಾರೂ ಇಲ್ಲದಾಗ ಅದರ ಬಾಗಿಲು ತೆರೆದು, ಮೊಣಕಾಲಿನಿಂದ ಮುಚ್ಚಿ, ಎರಡು ಸಲ ತಟ್ಟುತ್ತೇನೆ. ಅಂದು ನಾನು ಕೇಳಿದ್ದು ಅದೇ ಸದ್ದು, ಸಂಶಯವೇ ಇಲ್ಲ. ತಟ್ಟಿ, ಅವ್ವನ ಖಾಲಿ ಮಂಚದ ಕಡೆ ತಿರುಗಿ ಸ್ವಲ್ಪ ಹೊತ್ತು ಕಾಯುತ್ತೇನೆ. ‘ಬಂದ್ಲು’ ಎಂದು ಯಾರಾದರೂ ಅಂದಾರೇನೋ ಎಂದು.