ಸಾಯದ ಗಿಡ

ಗಿರಿಪುಷ್ಪದ, ಅಂದರೆ ಗೊಬ್ಬರದ ಗಿಡದ, ಎಲೆ ಮರದ ಮೇಲಿರುವಾಗ ಹೇಳಿಕೊಳ್ಳುವಂಥ ವಾಸನೆಯೇನೂ ಬರುವುದಿಲ್ಲ. ಕಡಿದು ಒಂದು ದಿನ ಬಿಸಿಲಿಗೆ ಬಿಟ್ಟರೆ ಮಾತ್ರ ಬಾಡುತ್ತ ಬಾಡುತ್ತ ಸಿಹಿಯಾದ, ತುಸು ತಲೆ ಹಿಡಿಯುವಂಥ ವಾಸನೆ ಬಿಡತೊಡಗುತ್ತದೆ. ಒಣಹುಲ್ಲಿನ ಬಣವೆಯ ಪಕ್ಕದಲ್ಲಿ ಯಾರೋ ಬೆಲ್ಲ ಕಾಸುತ್ತಿರುವ ಹಾಗೆ. ಹೋದ ನವೆಂಬರಿನಲ್ಲಿ ಟೇಕಡಿಯ ಇಳಿಜಾರಿನಲ್ಲಿ ನಮ್ಮ ಕಚೇರಿಯ ಪ್ರಯೋಗಕ್ಕೆಂದು ಒಂದು ಸಣ್ಣ ತುಂಡು ನೆಲದ ಮರಗಳನ್ನು ತೆಗೆಸಿದ್ದೆವು. ಮರುದಿನ ಬೆಳಿಗ್ಗೆ ನಾನೊಬ್ಬಳೇ ಹೋಗಿ ಕೊಂಬೆಗಳ ರಾಶಿಯ ಪಕ್ಕ ನಿಂತಾಗ ಆ ವಾಸನೆ ಬಂತು. ಅಳತೆಯ ಟೇಪು ಹಿಡಿದಿದ್ದವಳು ಹಾಗೇ ನೆಲದ ಮೇಲೆ ಕೂತುಬಿಟ್ಟೆ. ಅದು ನಮ್ಮ ಮನೆಯ ಗಚ್ಚಿಯ, ಅಂದರೆ ತಾರಸಿಯ, ವಾಸನೆ. ಆ ಮನೆ ಈಗಿಲ್ಲ. ನಿಮಗೂ ಒಮ್ಮೊಮ್ಮೆ ಹೀಗಾಗಿರಬಹುದು: ಮನೆ ಹೋದ ಮೇಲೂ ಅದರ ವಾಸನೆ ಎಲ್ಲೋ ಬೇರೆ ಕಡೆ ಉಳಿದುಕೊಂಡಿರುತ್ತದೆ.

ಪುಣೆಯಲ್ಲಿ ಗುಡ್ಡಕ್ಕೆ ಟೇಕಡಿ ಎನ್ನುತ್ತಾರೆ. ಮನೆಯೊಳಗೆ ಕನ್ನಡ ಮಾತಾಡುತ್ತಿದ್ದ ನಾವೂ ಹಾಗೇ ಎನ್ನುತ್ತಿದ್ದೆವು. ಅದರ ಬುಡದಲ್ಲಿದ್ದ ಹಳೆಯ ವಾಡೆಯ ಮೇಲಂತಸ್ತಿನ ಎರಡು ಕೋಣೆಗಳೂ ಗಚ್ಚಿಯೂ ನಮ್ಮ ಪಾಲಿಗಿದ್ದವು. ಧಾರವಾಡದಿಂದ ಗುಮಾಸ್ತರಾಗಿ ಬಂದು ಇಲ್ಲೇ ನಿವೃತ್ತರಾದ ಅಜ್ಜ, ವಿಮಾ ಕಚೇರಿಗೆ ಹೋಗುತ್ತಿದ್ದ ಆತ್ಯಾ, ಅಂದರೆ ಅಪ್ಪನ ಅಕ್ಕ, ಭೋಸರಿಯ ಕಾರ್ಖಾನೆಯಲ್ಲಿ ಪಾಳಿ ಮಾಡುತ್ತಿದ್ದ ಅಪ್ಪ, ಅಮ್ಮ ಮತ್ತು ನಾನು. ನಾನು ಆರು ವರ್ಷದವಳಿದ್ದಾಗ ಮಳೆಗಾಲದ ಒಂದು ಜ್ವರದಲ್ಲಿ ಅಮ್ಮ ಹೋದಳು. ಮರುವರ್ಷ ಅಪ್ಪ ಬಾರಾಮತಿಯ ಡೇರಿಯಲ್ಲಿ ಕೆಲಸ ಹಿಡಿದರು. ಮೊದಲು ವಾರಕ್ಕೊಮ್ಮೆ ಬರುತ್ತಿದ್ದವರು ಆಮೇಲೆ ಹಬ್ಬಕ್ಕೊಮ್ಮೆ ಬರತೊಡಗಿದರು. ಅಲ್ಲಿ ಅವರಿಗೆ ಇನ್ನೊಂದು ಸಂಸಾರವಾದ ಮೇಲೆ ಫೋನು ಮಾತ್ರ ಬರುತ್ತಿತ್ತು. ಐದು ತಾಟುಗಳ ಜಾಗದಲ್ಲಿ ಮೂರು ಉಳಿದವು. ಎಲ್ಲವನ್ನೂ ಎಣಿಸಿ, ತಾರೀಖು ಹಾಕಿ ಬರೆದಿಡುವ ಚಟ ನನಗೆ ಅಂಟಿದ್ದು ಆಗಲೇ ಇರಬೇಕು. ಯಾರು ಬಂದರು, ಯಾವ ಗಾಡಿಗೆ ಹೋದರು, ಗಚ್ಚಿಯ ಕುಂಡದಲ್ಲಿ ಎಷ್ಟು ಮಲ್ಲಿಗೆ ಅರಳಿತು ಎಂದೆಲ್ಲ ಬರೆಯುತ್ತಿದ್ದೆ. ಬರೆದದ್ದು ಎಲ್ಲಿಗೂ ಹೋಗುವುದಿಲ್ಲ ಎಂಬ ನಂಬಿಕೆ ಮಕ್ಕಳಿಗಿರುತ್ತದೆ.

ಅಮ್ಮನ ಹೆಸರಿನಲ್ಲಿ ಟೇಕಡಿಯ ಮೇಲೊಂದು ಗಿಡ ಹಚ್ಚುವುದೆಂದು ಅಜ್ಜ ನಿರ್ಧರಿಸಿದರು. ಬೆಳಿಗ್ಗೆ ಗುಡ್ಡ ಹತ್ತುವ ನಿವೃತ್ತರೆಲ್ಲ ಆಗ ಹಾಗೆ ಮಾಡುತ್ತಿದ್ದರು. ಪ್ರತಿಯೊಬ್ಬರ ಕೈಯಲ್ಲೂ ಒಂದು ನೀರಿನ ಬಾಟಲಿ. ಅರ್ಧ ತಮಗೆ, ಅರ್ಧ ತಮ್ಮ ಗಿಡಕ್ಕೆ. ಅಜ್ಜ ಮೊದಲ ವರ್ಷ ಬೇವು ನೆಟ್ಟರು. ಮೇಲೆ ಗೇಣುದ್ದದ ಮಣ್ಣು, ಕೆಳಗೆಲ್ಲ ಕರಿಕಲ್ಲು. ಏಪ್ರಿಲ್ ಮುಗಿಯುವುದರೊಳಗೆ ಬೇವು ಕಡ್ಡಿಯಾಯಿತು. ಎರಡನೇ ವರ್ಷ ಅತ್ತಿ ನೆಟ್ಟರು, ಅದೂ ಒಣಗಿತು. ದಿನಾ ಜೊತೆಗೆ ಹತ್ತುತ್ತಿದ್ದ ಸಾಠೆ ಮಾಸ್ತರರು, “ಕಾಯ ಹೋ ಕುಲಕರ್ಣಿ, ಯಂದಾ ಪಣ ವಾಳಲಂ?” ಎಂದು ಕೆಣಕಿದರು, ಈ ವರ್ಷವೂ ಒಣಗಿತೇ ಎಂದು.

“ನಿಮ್ಮ ತಲೀಮ್ಯಾಲೆ ಬೆಳಿ ಬಂದು ಎಷ್ಟ ವರ್ಷಾತು ಮಾಸ್ತರ, ನಾ ಏನರ ಅಂದೀನೇನು?” ಎಂದರು ಅಜ್ಜ. ಮಾಸ್ತರರಿಗೆ ಕನ್ನಡ ಬಾರದು. ಅರ್ಥವಾದವರಂತೆ ತಮ್ಮ ಬೋಳು ತಲೆ ಸವರಿಕೊಂಡು ನಕ್ಕರು.

ನಾನು ನಗಲಿಲ್ಲ. “ಅಮ್ಮನ ಗಿಡಾನ ಯಾಕ ಸಾಯ್ತದ ಅಜ್ಜಾ?” ಎಂದು ಕೇಳಿದೆನಂತೆ. ಆ ಮಳೆಗಾಲದಲ್ಲಿ ಮಾಸ್ತರರು ಎಲ್ಲಿಂದಲೋ ಒಂದು ಹೊರೆ ಗಿರಿಪುಷ್ಪದ ಗಳಗಳನ್ನು ತರಿಸಿದರು. ಬೇರಿಲ್ಲ, ಎಲೆಯಿಲ್ಲ, ಬರೀ ಕೋಲು. ಅಜ್ಜ ಒಂದನ್ನು ಕಲ್ಲಿನ ಸಂದಿನಲ್ಲಿ ಊರಿದರು. ಎರಡು ವಾರಕ್ಕೆ ಅದು ಚಿಗುರಿತು. ಮುಂದಿನ ಬೇಸಿಗೆಯಲ್ಲಿ ಎಲೆ ಉದುರಿಸಿಕೊಂಡು ನಿಂತಾಗ ನಾನು ಮತ್ತೆ ಹೆದರಿದೆ. ಆದರೆ ಮರುವರ್ಷ ಫೆಬ್ರುವರಿಯಲ್ಲಿ ಅದರ ಬರಿಯ ಕೊಂಬೆಗಳ ತುಂಬ ನಸುಗೆಂಪು ಹೂ ಬಂತು. “ಈ ಗಿಡಾ ಸಾಯಂಗಿಲ್ಲ ನೋಡು ಅಶೂ. ಕಡದರೂ ಚಿಗೀತದ, ತುಳದರೂ ಚಿಗೀತದ,” ಎಂದರು ಅಜ್ಜ. ಅವರ ದನಿಯಲ್ಲಿ ಅಷ್ಟು ನೆಮ್ಮದಿಯನ್ನು ನಾನು ಮುಂದೆಂದೂ ಕೇಳಲಿಲ್ಲ.

ಸಾಯುವುದಿಲ್ಲ ಎಂಬ ಆ ಒಂದೇ ಗುಣಕ್ಕಾಗಿ ಅವರೆಲ್ಲ ಇಡೀ ಇಳಿಜಾರಿಗೆ ಗಿರಿಪುಷ್ಪ ಊರುತ್ತ ಹೋದರು. ತೀರಿಕೊಂಡ ಹೆಂಡತಿಯ ಹೆಸರಿಗೊಂದು, ಅಮೆರಿಕದಲ್ಲಿ ಹುಟ್ಟಿದ ಮೊಮ್ಮಗನಿಗೊಂದು, ಗುಣವಾದ ಮಂಡಿನೋವಿಗೊಂದು. ನಮ್ಮ ಗಚ್ಚಿಯ ಮೇಲೆ ಹಳೆಯ ಸೀರೆ ಹಾಸಿ ಅಜ್ಜ ಅದರ ಸೊಪ್ಪು ಒಣಗಿಸುತ್ತಿದ್ದರು, ಆತ್ಯಾಳ ಕುಂಡಗಳ ಗೊಬ್ಬರಕ್ಕೆಂದು. ಶಾಲೆಯಿಂದ ಬಂದು, ಬೀಗ ತೆಗೆದು, ಯಾರೂ ಇಲ್ಲದ ಮನೆಯಲ್ಲಿ ಚೀಲ ಇಟ್ಟು ನಾನು ಮೊದಲು ಹೋಗುತ್ತಿದ್ದುದು ಗಚ್ಚಿಗೆ. ಬಿಸಿ ಹಾಸುಗಲ್ಲು, ಬಾಡಿದ ಸೊಪ್ಪಿನ ಸಿಹಿ, ಕೆಳಗೆ ಯಾರದೋ ಕುಕ್ಕರಿನ ಸೀಟಿ, ಎದುರಿಗೆ ಟೇಕಡಿ. ಅಲ್ಲಿಂದ ಅಮ್ಮನ ಮರ ಯಾವುದೆಂದು ಬೆರಳಿಟ್ಟು ತೋರಿಸಬಲ್ಲೆನಾಗಿದ್ದೆ. ಕೆಲವು ವರ್ಷಗಳಲ್ಲಿ ಮರಗಳು ಒಂದರೊಳಗೊಂದು ಸೇರಿಕೊಂಡವು. ಆಮೇಲೆ ಅಂದಾಜಿನ ಮೇಲೆ ತೋರಿಸುತ್ತಿದ್ದೆ.

ಅಜ್ಜ ಹೋದ ಮೇಲೆ ವಾಡೆಯನ್ನು ಕೆಡವಿದರು. ಈಗ ಅಲ್ಲಿ ಗಾಜಿನ ಕಟ್ಟಡವಿದೆ. ಆತ್ಯಾ, ನಾನು ಊರಂಚಿನ ವಾಕಡ ಬಡಾವಣೆಯಲ್ಲಿ ಎಂಟನೇ ಮಹಡಿಯಲ್ಲಿದ್ದೇವೆ. ಕಿಟಕಿಯಿಂದ ಇನ್ನೊಂದು ಕಟ್ಟಡದ ಕಿಟಕಿಗಳು ಕಾಣುತ್ತವೆ. ಕೆಟ್ಟುಹೋದ ಗುಡ್ಡ, ಕೆರೆ, ಹುಲ್ಲುಗಾವಲುಗಳನ್ನು ಮತ್ತೆ ಮೊದಲಿನಂತೆ ಮಾಡುವ ಯೋಜನೆ ಹಾಕಿ ನಡೆಸುವ ಸಣ್ಣ ಸಂಸ್ಥೆಯೊಂದರಲ್ಲಿ ನನ್ನ ಕೆಲಸ. ಎಣಿಸಿ ಬರೆಯುವ ಚಟಕ್ಕೆ ತಕ್ಕ ನೌಕರಿ. ಎರಡು ವರ್ಷದ ಹಿಂದೆ ನಮ್ಮ ಪಾಲಿಗೆ ಬಂದದ್ದು ಅದೇ ಟೇಕಡಿ.

ಅದು ಎಂದೂ ದಟ್ಟ ಕಾಡಾಗಿರಲಿಲ್ಲ. ಹುಲ್ಲಿನ ಗುಡ್ಡ, ನಡುನಡುವೆ ಕುರುಚಲು ಗಿಡ, ಮಳೆಗಾಲದಲ್ಲಿ ನೆಲದಿಂದಲೇ ಏಳುವ ಸಣ್ಣ ಹೂಗಳು, ಹುಲ್ಲಿನೊಳಗೆ ಗೂಡು ಕಟ್ಟುವ ಗೌಜಲ ಹಕ್ಕಿ. ಗಿರಿಪುಷ್ಪದ ದಟ್ಟ ನೆರಳಿನಲ್ಲಿ ಆ ಹುಲ್ಲು ಸತ್ತಿದೆ. ಹುಲ್ಲಿಲ್ಲದ ನೆಲದ ಮಣ್ಣು ಪ್ರತಿ ಮಳೆಗೂ ಜಾರಿ ಕೆಳಗೆ ಹೋಗುತ್ತದೆ. ಮರಗಳ ಕೆಳಗೆ ಇಡೀ ದಿನ ಕೂತರೂ ಒಂದು ಹಕ್ಕಿ ಕಾಣದ ದಿನಗಳನ್ನು ನಾನೇ ದಾಖಲಿಸಿದ್ದೇನೆ. ನಮ್ಮ ಯೋಜನೆ ಸರಳ: ಗುಡ್ಡವನ್ನು ಅಡ್ಡಪಟ್ಟಿಗಳಾಗಿ ಹಂಚಿಕೊಂಡು ವರ್ಷಕ್ಕೊಂದು ಪಟ್ಟಿಯ ಗಿರಿಪುಷ್ಪವನ್ನು, ಕಾಯಿ ಒಡೆಯುವ ಮೊದಲು, ಬೇರುಸಹಿತ ಕೀಳುವುದು, ಆ ಕೊಂಬೆಗಳಿಂದಲೇ ಇಳಿಜಾರಿಗೆ ಅಡ್ಡ ಒಡ್ಡು ಹಾಕುವುದು, ಪಕ್ಕದ ಗುಡ್ಡಗಳಿಂದ ತಂದ ಹುಲ್ಲಿನ ಬೀಜವನ್ನು ಮಳೆಗೆ ಮುಂಚೆ ಚೆಲ್ಲುವುದು. ಕರಡು ಬರೆದವಳು ನಾನು. ಮೊದಲ ಪಟ್ಟಿ ಮೇಲಿನಿಂದ ಶುರುವಾಗಬೇಕು, ಯಾಕೆಂದರೆ ಬೀಜ ಕೆಳಕ್ಕೆ ಸಿಡಿಯುತ್ತದೆ. ಅಮ್ಮನ ಮರ ಮೇಲಿನ ಪಟ್ಟಿಯಲ್ಲಿತ್ತು.

ಜನವರಿಯಲ್ಲಿ ಗುಡ್ಡದ ಬುಡದಲ್ಲಿ ಬೆಳಗಿನ ವಾಕಿಂಗಿನವರ ಸಭೆ ಕರೆದೆವು. ಮರ ಕಡಿಯುವವರು ಬಂದರು ಎಂದು ಯಾರೋ ಹಿಂದಿನಿಂದ ಅಂದರು. ಕೋಲೂರಿಕೊಂಡು ಎದ್ದು ನಿಂತವರು ಸಾಠೆ ಮಾಸ್ತರರು. ನನ್ನನ್ನೇ ನೋಡಿ, “ತೂ ಕುಲಕರ್ಣ್ಯಾಂಚೀ ನಾತ ನಾ?” ಎಂದರು, ಕುಲಕರ್ಣಿಯವರ ಮೊಮ್ಮಗಳಲ್ಲವೇ ನೀನು ಎಂದು. ಹೌದೆಂದೆ. ಅವರು ಮರಾಠಿಯಲ್ಲಿ ನಿಧಾನವಾಗಿ ಹೇಳಿದರು, “ನಿಮ್ಮಜ್ಜನೂ ನಾನೂ ಇಲ್ಲಿಗೆ ನೀರು ಹೊತ್ತೆವು. ನೀನು ಕೊಡಲಿ ತಂದೆ. ಇರಲಿ, ನೀವೆಲ್ಲ ಓದಿದವರು. ಮೇಲಿನ ಬೆಂಚಿನ ಹತ್ತಿರ ನಾಲ್ಕು ಮರ ಬಿಡು. ನಾನಿರುವಷ್ಟು ದಿನ ನೆರಳಿಗೆ ಕೂಡುತ್ತೇನೆ, ಆಮೇಲೆ ಕಡಿದುಕೋ.”

ನಾಲ್ಕು ಮರ ಬಿಟ್ಟರೆ ಅವುಗಳ ಬೀಜದಿಂದ ಕೆಳಗಿನದೆಲ್ಲ ಮತ್ತೆ ಏಳುತ್ತದೆ, ಒಂದನ್ನೂ ಬಿಡಲಾಗುವುದಿಲ್ಲ ಎಂದು ನಾನು ಹೇಳಿದೆ. ನನ್ನ ದನಿ ನನಗೇ ಕಚೇರಿಯ ದನಿಯಂತೆ ಕೇಳಿಸಿತು. ಮಾಸ್ತರರು ತಲೆಯಾಡಿಸಿ ಕೂತರು. “ಕುಲಕರ್ಣಿ ಹೀಗಿರಲಿಲ್ಲ,” ಎಂದು ಪಕ್ಕದವರಿಗೆ ಹೇಳಿದ್ದು ನನಗೂ ಕೇಳಿಸಿತು.

ಫೆಬ್ರುವರಿಯಲ್ಲಿ, ಮರಗಳೆಲ್ಲ ಹೂವಾಗಿ ದೂರದಿಂದಲೇ ಗುರುತು ಸಿಗುವ ಹೊತ್ತಿಗೆ, ಹಳದಿ ಬಣ್ಣದ ಡಬ್ಬಿ ಹಿಡಿದು ತೆಗೆಯಬೇಕಾದ ಮರಗಳಿಗೆ ಪಟ್ಟೆ ಹೊಡೆಯುತ್ತ ಹೊರಟೆವು. ನನ್ನ ಜೊತೆಗಿದ್ದವಳು ಮುಗ್ಧಾ, ನಮ್ಮ ಸಂಸ್ಥೆಯ ಸಸ್ಯತಜ್ಞೆ. ಅಜ್ಜ ಕೋಲು ಊರಿದ್ದ ಕಲ್ಲಿನ ಸಂದಿನ ಮರದ ಹತ್ತಿರ ನಾನು ಬ್ರಶ್ಶು ಎತ್ತದೆ ನಿಂತದ್ದನ್ನು ಅವಳು ನೋಡಿದಳು. ಅದು ಅಮ್ಮನ ಮರವೆಂದು ಹೇಳಬೇಕಾಯಿತು. ಅವಳು, “ಬಿಟ್ಟುಬಿಡು. ವರ್ಷವರ್ಷ ನಾವೇ ಬಂದು ಕಾಯಿ ಕಿತ್ತುಕೊಂಡರಾಯಿತು. ಯಾರಿಗೂ ಗೊತ್ತಾಗುವುದಿಲ್ಲ,” ಎಂದಳು. ಆ ದಿನ ಆ ಮರಕ್ಕೆ ಬಣ್ಣ ಹಚ್ಚದೆ ಇಳಿದೆ.

ಸಂಜೆ ಆತ್ಯಾ ಮೆಂತ್ಯದ ಸೊಪ್ಪು ಬಿಡಿಸುತ್ತ ಕೂತಿದ್ದಳು. ಎದುರಿಗೆ ಕೂತು ಎಲ್ಲ ಹೇಳಿದೆ. ಅವಳ ಕೈ ನಿಲ್ಲಲಿಲ್ಲ.

“ನಿಮ್ಮಮ್ಮ ಆ ಗಿಡಾ ನೋಡೇ ಇಲ್ಲಲ್ಲ,” ಎಂದಳು. “ಆಕಿ ಇದ್ದಾಗ ಟೇಕಡಿ ತುಂಬ ಹುಲ್ಲಽ ಇತ್ತು. ಸಂಜೀಮುಂದ ಹೋಗಿ ಬರಾಕಿ, ಸೀರಿ ಅಂಚಿಗೆಲ್ಲಾ ಆ ಚುಚ್ಚೂ ಕುಸಳಿ, ಹುಲ್ಲಿನ ಮುಳ್ಳು, ಹತ್ತಿರತಿದ್ದು. ಇಬ್ಬರೂ ಕೂತು ಆರಿಸಿ ತಗೀತಿದ್ವಿ. ನಾ ಭಾಳ ಬೈತಿದ್ದೆ. ಅಷ್ಟು ದೊಡ್ಡ ಪುಣೇದಾಗ ನಿನಗ ಅಡ್ಡ್ಯಾಡ್ಲಿಕ್ಕೆ ಅದೊಂದ ಜಾಗಾ ಸಿಕ್ತೇನು ಅಂತ. ಅತ್ತಿಗಿ, ನೀವೂ ಬರ್ರಿ ಒಂದಿನಾ ಅಂತಿದ್ಲು. ನಾ ಹೋಗಲಿಲ್ಲ.”

“ಹಂಗಾದ್ರ ಕಡೀಲೇನು?”

“ಕಡೀ ಅಂತ ನಾ ಹೇಳಂಗಿಲ್ಲ. ಇಡೂ ಅಂತನೂ ಹೇಳಂಗಿಲ್ಲ. ನಿಂದು ಕೆಲಸ ಅದು, ನೀ ನೋಡು.” ಸೊಪ್ಪಿನ ದಂಟುಗಳನ್ನು ಪೇಪರಿನಲ್ಲಿ ಸುತ್ತಿಕೊಂಡು ಒಳಗೆ ಹೋದಳು.

ನನಗೆ ಗೊತ್ತಿದ್ದ ಅಮ್ಮ ಎಂದರೆ ಆ ಮರ. ಅವಳ ಮುಖ ಫೋಟೋದಲ್ಲಿದ್ದಷ್ಟೇ ನೆನಪು. ಅವಳ ಗುಡ್ಡ ಬೇರೆ, ನನ್ನ ಗುಡ್ಡ ಬೇರೆ ಎಂದು ಅಂದು ಮೊದಲ ಸಲ ತಿಳಿಯಿತು. ಎರಡೂ ಒಂದೇ ನೆಲದ ಮೇಲೆ ಇರಲಾರವು. ನಾಲ್ಕು ಮರಕ್ಕಾಗಿ ಕೈಮುಗಿದಂತೆ ಕೇಳಿದ ಮಾಸ್ತರರಿಗೆ ಇಲ್ಲವೆಂದ ಮೇಲೆ ನನ್ನದೊಂದನ್ನು ಬಚ್ಚಿಟ್ಟುಕೊಂಡು ಅವರ ಮುಂದೆ ನಡೆದಾಡುವುದೂ ನನ್ನಿಂದಾಗುತ್ತಿರಲಿಲ್ಲ. ಮರುದಿನ ಒಬ್ಬಳೇ ಹೋಗಿ ಬಣ್ಣ ಹಚ್ಚಿದೆ. ಕೀಳುವ ದಿನ ಅಲ್ಲೇ ಇದ್ದೆ. ಬೇರು ಕಲ್ಲಿನ ಸಂದುಗಳಲ್ಲಿ ಬಹಳ ಆಳಕ್ಕೆ ಇಳಿದಿತ್ತು. ಆಳುಗಳಿಗೆ ಒಂದು ಬೆಳಗು ಪೂರ್ತಿ ಹಿಡಿಯಿತು. ಕೊಂಬೆಗಳನ್ನು ಉಳಿದವುಗಳ ಜೊತೆಗೇ ಒಡ್ಡಿಗೆ ಹಾಕಿದರು, ಯಾವುದು ಯಾವ ಮರದ್ದೆಂದು ಆಮೇಲೆ ಗೊತ್ತಾಗಲಿಲ್ಲ.

ಮಳೆ ಈ ವರ್ಷ ಚೆನ್ನಾಗಿ ಆಯಿತು. ಸೆಪ್ಟೆಂಬರಿಗೆ ಮೇಲಿನ ಪಟ್ಟಿಯ ಹುಲ್ಲು ಮೊಣಕಾಲಿಗೆ ಬಂದಿತ್ತು. ಮಾಸ್ತರರು ಈಗ ಬೆಂಚಿನ ಮೇಲೆ ಕೊಡೆ ಬಿಚ್ಚಿಕೊಂಡು ಕೂಡುತ್ತಾರೆ. ನಾನು ನಮಸ್ಕಾರ ಹೇಳಿದರೆ ಕೊಡೆಯನ್ನು ತುಸು ಈ ಕಡೆಗೆ ಓರೆ ಮಾಡಿ ಮುಖ ಮರೆಸಿಕೊಳ್ಳುತ್ತಾರೆ.

ಒಂದು ಭಾನುವಾರ ಆತ್ಯಾ ತಾನಾಗಿಯೇ ಬರುತ್ತೇನೆಂದಳು. ಮಂಡಿಗೆ ಪಟ್ಟಿ ಬಿಗಿದುಕೊಂಡು, ನಾಲ್ಕು ಕಡೆ ನಿಂತು, ನನ್ನ ಭುಜ ಹಿಡಿದು ಹತ್ತಿದಳು. ಮೇಲೆ ಬಂದು ಸುತ್ತಲೂ ನೋಡಿ, “ಎಲ್ಲಿತ್ತು ಅಶೂ?” ಎಂದಳು. ಫೋನಿನಲ್ಲಿ ಪ್ರತಿ ಮರದ ಜಾಗವೂ ದಾಖಲಾಗಿದೆ. ತೆಗೆದು ನೋಡಲಿಲ್ಲ. ಕಿತ್ತ ಕುಳಿಗಾಗಿ ಕಣ್ಣು ಹಾಯಿಸಿದೆ. ಎಲ್ಲ ಮುಚ್ಚಿ ಒಂದೇ ಸಮನೆ ಹುಲ್ಲಾಗಿತ್ತು, ಗಾಳಿಗೆ ಒಂದೇ ಕಡೆಗೆ ಬಾಗುತ್ತಿತ್ತು.

“ಇಲ್ಲೇ ಎಲ್ಲೋ, ಆತ್ಯಾ.”

“ಹೂಂ,” ಎಂದು ಅವಳು ಅಲ್ಲೇ ಹುಲ್ಲಿನೊಳಗೆ ಮೆಲ್ಲಗೆ ಕೂತು, ಕಾಲು ಚಾಚಿ, ಕಣ್ಣಿನ ಮೇಲೆ ಕೈ ಅಡ್ಡ ಹಿಡಿದಳು. ಬಿಸಿಲು ನೇರವಾಗಿ ಅವಳ ಮುಖಕ್ಕೆ ಬೀಳುತ್ತಿತ್ತು. ನಾನು, ನನ್ನ ನೆರಳು ಅವಳ ಮೇಲೆ ಬರುವಂತೆ, ಆ ಕಡೆಗೆ ಹೋಗಿ ನಿಂತೆ.