ಕುರುಗೋಡಿನ ಸ್ಟುಡಿಯೋದಲ್ಲಿ ಕಾಣದ ಫೋಲ್ಡರ್

ಕೌಲ್ ಬಜಾರಿನ ನನ್ನ ಅಂಗಡಿಗೆ ಕಂಪ್ಯೂಟರ್ ಹೊತ್ತು ತರುವವರಲ್ಲಿ ಅರ್ಧಕ್ಕರ್ಧ ಮಂದಿ ಹೇಳುವುದು ಒಂದೇ ಮಾತು: ಎಲ್ಲಾ ಹೋತ್ರಿ. ಆ ಮಾತನ್ನು ನಂಬುವುದನ್ನು ನಾನು ಯಾವತ್ತೋ ಬಿಟ್ಟಿದ್ದೇನೆ. ಕಂಪ್ಯೂಟರಿನೊಳಗಿಂದ ಒಂದು ವಸ್ತು ಪೂರ್ತಿ ಹೋಗಬೇಕಾದರೆ ಯಾರಾದರೂ ಹಟ ಹಿಡಿದು ಅಳಿಸಿರಬೇಕು. ಬಹಳ ಸಲ ಅದು ಇದ್ದಲ್ಲೇ ಇರುತ್ತದೆ, ನಮ್ಮ ಕಣ್ಣಿಗೆ ಬೀಳುವುದಿಲ್ಲ ಅಷ್ಟೇ. ಹೀಗೆಂದರೆ ನನಗೆ ಜಂಬ ಎನ್ನುತ್ತಾರೆ. ಅನ್ನಲಿ. ಒಂದು ಪಕ್ಕ ಜೀನ್ಸ್ ಹೊಲಿಯುವ ಮಷಿನ್ನುಗಳು, ಇನ್ನೊಂದು ಪಕ್ಕ ವೆಲ್ಡಿಂಗ್ ಅಂಗಡಿ, ನಡುವೆ ಸ್ಕ್ರೂಡ್ರೈವರ್ ಹಿಡಿದು ಕೂತ ಹೆಂಗಸಿಗೆ ಸ್ವಲ್ಪ ಜಂಬ ಇರಲೇಬೇಕು. ಇಲ್ಲದಿದ್ದರೆ ಬಂದ ಗಿರಾಕಿ ಯಜಮಾನರು ಎಲ್ಲಿ ಎಂದು ಕೇಳಿಕೊಂಡು ಬಾಗಿಲಲ್ಲೇ ನಿಂತುಬಿಡುತ್ತಾನೆ.

ಹೀಗಿರುವ ನನ್ನ ಎದೆಯನ್ನೂ ಒಂದು ಫೋನ್ ಕರೆ ಧಸಕ್ಕೆನಿಸಿತ್ತು. ಕುರುಗೋಡಿನಲ್ಲಿ ಫೋಟೋ ಸ್ಟುಡಿಯೋ ಇಟ್ಟುಕೊಂಡಿರುವ ಹಿರಿಯರೊಬ್ಬರು ನನ್ನ ಹಳೆಯ ಗಿರಾಕಿ. ನನ್ನನ್ನು ತಂಗಿ ಎನ್ನುತ್ತಾರೆ, ನಾನು ಅವರನ್ನು ಅಣ್ಣ ಎನ್ನುತ್ತೇನೆ. ಅವರ ಕಂಪ್ಯೂಟರ್ ತೀರಾ ನಿಧಾನವಾಗಿತ್ತೆಂದು ಹಿಂದಿನ ವಾರವಷ್ಟೇ ಹೋಗಿ ಹೊಸ ವಿಂಡೋಸ್ ಹಾಕಿ ಬಂದಿದ್ದೆ. ಈಗ ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನಾನೂ ಎರಡು ಮಾತಾಡುತ್ತಿದ್ದೆ.

"ತಂಗೀ, ನೀ ಏನರ ಅಳಿಸೀ ಏನು?" ಎಂದರು.

ಡಿ ಡ್ರೈವಿನ ತಂಟೆಗೇ ಹೋಗಿಲ್ಲ, ನಿಮ್ಮ ಮದುವೆ ಫೋಟೋಗಳೆಲ್ಲ ಅಲ್ಲಿಯೇ ಇವೆ ಎಂದೆ. ಮದುವೆಯವು ಇವೆ, ಬೇರೆ ಒಂದಿತ್ತು, ಅದನ್ನು ಫೋನಿನಲ್ಲಿ ಹೇಳಲಾಗದು, ಬಂದುಬಿಡು ಎಂದು ಇಟ್ಟುಬಿಟ್ಟರು. ನನ್ನ ಕೆಲಸದ ಮೇಲೆ ಅನುಮಾನ ಬಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಷಟರ್ ಎಳೆದು ಕುರುಗೋಡು ಬಸ್ಸು ಹತ್ತಿದೆ.

ಸ್ಟುಡಿಯೋದ ಬೆಂಚಿನ ಮೇಲೆ ಒಬ್ಬ ಹೆಣ್ಣುಮಗಳು ಕೂತಿದ್ದಳು. ಅತ್ತು ಅತ್ತು ಮುಖ ಬಾತಿತ್ತು. ಬಾದನಹಟ್ಟಿಯ ಮಗಳು, ಕೊಟ್ಟದ್ದು ಸಿರುಗುಪ್ಪದ ಕಡೆಯ ದೇಶನೂರಿಗೆ. ಅವಳ ತಾಯಿ ತೀರಿಕೊಂಡಿದ್ದರು. ಮಾರನೆಯ ದಿನ ತವರಿನಲ್ಲಿ ತಾಯಿಯ ದಿವಸದ ಕಾರ್ಯ. ಹಾರ ಹಾಕಿ ಇಡಲು ತಾಯಿಯದೊಂದು ಫೋಟೋ ಬೇಕಿತ್ತು, ಆದರೆ ಮನೆಯಲ್ಲಿ ಒಂದೂ ಇರಲಿಲ್ಲ. ಇದ್ದದ್ದು ಆಧಾರ್ ಕಾರ್ಡಿನಲ್ಲಿನ ಮುಖ ಮಾತ್ರ. ಅದರಲ್ಲಿ ಆ ತಾಯಿ ಪೊಲೀಸರ ಮುಂದೆ ನಿಂತವರ ಹಾಗೆ ಕಾಣುತ್ತಿದ್ದರು. ಅದು ನಮ್ಮವ್ವ ಅಲ್ಲವೇ ಅಲ್ಲ ಎಂದು ಮಗಳು ಹೇಳಿದಳು.

ಈ ಕಾಲದಲ್ಲಿ ಫೋಟೋ ಇಲ್ಲದವರು ಯಾರಿದ್ದಾರೆ ಎಂದು ನಾನು ಬಾಯಿಬಿಟ್ಟು ಕೇಳಿದೆ. ಆಗ ಅವಳು ಹೇಳಿದಳು. ತಂದೆ ಹೋದಾಗ ಅವಳಿನ್ನೂ ಸಾಲೆ ಹುಡುಗಿ. ಅಂದಿನಿಂದ ತಾಯಿ ಯಾವ ಶುಭಕಾರ್ಯದಲ್ಲೂ ಮುಂದೆ ಬಂದವರಲ್ಲ. ಯಾರಾದರೂ ಮೊಬೈಲ್ ಎತ್ತಿದರೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಒಳಗೆ ಹೋಗಿಬಿಡುತ್ತಿದ್ದರು. ಮೊಮ್ಮಗನ ಹೆಸರಿಡುವ ದಿನದ ಫೋಟೋದಲ್ಲಿ ಅವರ ಸೀರೆಯ ಅಂಚಷ್ಟೇ ಬಿದ್ದಿದೆಯಂತೆ. ಇಷ್ಟು ಹೇಳಿದವಳು, ನಾನು ಕೇಳದಿದ್ದರೂ ಇನ್ನೊಂದು ಮಾತು ಆಡಿದಳು.

"ನನ್ನ ಮದಿವ್ಯಾಗ ತಾಳಿ ಕಟ್ಟೋ ಹೊತ್ತಿಗೆ ಹಿಂದಕ್ಕ ಹೊಳ್ಳಿ ಹೊಳ್ಳಿ ನೋಡಿದ್ನಿರಿ ಅಕ್ಕಾರ. ನಮ್ಮವ್ವ ಎಲ್ಲೀ ಇರಲಿಲ್ಲ. ಅಡಿಗಿ ಮನ್ಯಾಗ ಕುಂತುಬಿಟ್ಟಿದ್ಲು."

ಇದೊಂದಕ್ಕೆ ಅವಳು ತಾಯಿಯೊಡನೆ ವರ್ಷಗಟ್ಟಲೆ ಜಗಳಾಡಿದ್ದಳು. ಸ್ವಂತ ಮಗಳ ಅಕ್ಷತೆಗೂ ಬರಲಿಲ್ಲವಲ್ಲ ಎಂದು ಕೇಳಿದಾಗಲೆಲ್ಲ ತಾಯಿ, ಬಿಡವ್ವ, ಆಗಿಹೋಯಿತು ಎನ್ನುತ್ತಿದ್ದರಂತೆ. ಆ ಜಗಳ ಮುಗಿಯುವ ಮೊದಲೇ ತಾಯಿ ಮುಗಿದುಹೋಗಿದ್ದರು. ಗಂಡ ಸತ್ತರೆ ಹೆಂಗಸನ್ನು ಅಡುಗೆಮನೆಗೆ ತಳ್ಳುವ ಈ ಪದ್ಧತಿಯ ಮೇಲೆ ನನಗೆ ಸಿಟ್ಟು ಬಂತು. ಆದರೆ ಆ ಹೊತ್ತಿಗೆ ಸಿಟ್ಟಿನಿಂದ ಅವಳಿಗೇನೂ ಉಪಯೋಗವಿರಲಿಲ್ಲ.

ಅಣ್ಣ ನನ್ನನ್ನು ಹಿಂದಿನ ಪರದೆಯ ಆಚೆ ಕರೆದು ದನಿ ತಗ್ಗಿಸಿ ವಿಷಯ ಹೇಳಿದರು. ನಮ್ಮ ಕಡೆ ವಯಸ್ಸಾದವರಿಗೆ ಬನ್ನಿ, ಒಬ್ಬರದೇ ಒಂದು ಫೋಟೋ ತೆಗೆಯುತ್ತೇನೆ ಎಂದು ಹೇಳಿ ನೋಡಿ. ಯಾಕೆ, ಗೋಡೆಗೆ ಹಾಕಲು ಅವಸರವೇ ಎಂದು ಅಲ್ಲೇ ಮುಖ ಗಂಟಿಕ್ಕುತ್ತಾರೆ. ಅವರು ಹೋದ ಮೇಲೆ ಮನೆಯವರು ಗುಂಪಿನ ಫೋಟೋ ಹಿಡಿದು ಓಡಿ ಬರುತ್ತಾರೆ. ಅದರಲ್ಲಿ ಅಜ್ಜನ ಅರ್ಧ ಮುಖ ಇನ್ನೊಬ್ಬರ ರುಮಾಲಿನ ಹಿಂದೆ. ಅದನ್ನೇ ಕತ್ತರಿಸಿ, ಇಲ್ಲದ ಕೋಟು ತೊಡಿಸಿ, ಹಿಂದೆ ನೀಲಿ ಆಕಾಶ ಅಂಟಿಸಿ ಕೊಡುವುದು ಅಣ್ಣನಿಗೆ ಸಾಕುಸಾಕಾಗಿತ್ತು. ಅದಕ್ಕೇ ಮದುವೆ, ತೊಟ್ಟಿಲ ಕಾರ್ಯಗಳಿಗೆ ಹೋದಾಗ ಹಿರಿಯರನ್ನು ಅವರಿಗೆ ಗೊತ್ತಾಗದ ಹಾಗೆ ಒಬ್ಬೊಬ್ಬರನ್ನೇ ತೆಗೆದು, ಊರಿನ ಪ್ರಕಾರ ಒಂದು ಫೋಲ್ಡರಿನಲ್ಲಿ ಇಡುತ್ತ ಬಂದಿದ್ದರು. ಮದುವೆಯ ಫೋಟೋಗಳನ್ನು ಕೆಲವು ವರ್ಷಕ್ಕೆ ಅಳಿಸಿದರೂ ಇದನ್ನು ಅಳಿಸುತ್ತಿರಲಿಲ್ಲ. ಸಾವಾದ ಮನೆಯವರು ಬಂದಾಗ ಅದರಿಂದ ತೆಗೆದು ಕೊಡುತ್ತಿದ್ದರು. ಗುಂಪಿನ ಫೋಟೋದಿಂದಲೇ ಇಷ್ಟು ಚೆನ್ನಾಗಿ ಮಾಡಿದ್ದಾರೆ ಎಂದು ಜನ ಹೊಗಳುತ್ತಿದ್ದರು. ಅಣ್ಣ ಸುಮ್ಮನೆ ನಗುತ್ತಿದ್ದರು.

ಈ ಸುದ್ದಿ ಹೊರಬಿದ್ದರೆ ಕುರುಗೋಡು ಸುತ್ತಮುತ್ತ ಮುದುಕರು ಒಬ್ಬರೂ ಇವರ ಕ್ಯಾಮೆರಾದ ಮುಂದೆ ಸುಳಿಯುವುದಿಲ್ಲ. ಹಾಗಾಗಿ ಹಿಂದೊಬ್ಬ ಮೆಕ್ಯಾನಿಕ್ಕಿನಿಂದ ಫೋಲ್ಡರನ್ನು ಕಾಣದಂತೆ ಮಾಡಿಸಿ, ಅದನ್ನು ತೆರೆಯಲು ಡೆಸ್ಕ್‌ಟಾಪಿನ ಮೇಲೆ ಪ್ರಿಂಟರ್ ಎಂಬ ಹೆಸರಿನ ಒಂದು ಐಕಾನ್ ಹಾಕಿಸಿಕೊಂಡಿದ್ದರು. ನಾನು ವಿಂಡೋಸ್ ಬದಲಿಸಿದ ಮೇಲೆ ಆ ಐಕಾನ್ ಮಾಯವಾಗಿತ್ತು. ಈ ಹೆಣ್ಣುಮಗಳ ಮದುವೆಗೆ ಫೋಟೋ ತೆಗೆದವರೂ ಅಣ್ಣನೇ. ಅವಳು ಬಂದಾಗ, ನಿಮ್ಮವ್ವನ ಫೋಟೋ ನನ್ನ ಹತ್ತಿರ ಇದೆ, ಕೂಡು ಎಂದು ಮಾತು ಕೊಟ್ಟು ಕಂಪ್ಯೂಟರ್ ತೆಗೆದು ನೋಡಿದರೆ ಏನೂ ಇಲ್ಲ.

ಉಳಿಸಿಕೊಳ್ಳುವುದು ಏನಾದರೂ ಇದೆಯೇ ಎಂದು ನಾನು ಅವತ್ತು ಕೇಳಿದ್ದೆನಲ್ಲ, ಆಗ ಯಾಕೆ ಬಾಯಿ ಬಿಡಲಿಲ್ಲ ಎಂದು ರೇಗಿದೆ.

"ಆ ಹೊತ್ತಿನ್ಯಾಗ ಪಿಂಚಣಿ ಫೋಟೋಕ್ಕಂತ ಒಬ್ಬ ಅಜ್ಜ ಬಂದು ಕುಂತಿದ್ದನವ್ವ. ಅವನ ಮುಂದ ಇಂಥಾದ್ದು ಹೆಂಗ ಆಡ್ಲಿ?" ಎಂದರು.

ನನಗೆ ನಗು ಬಂತು, ಅಳುವೂ ಬಂತು. ಇಂಥ ಮರ್ಯಾದೆಗೆ ಯಾವ ಸಾಫ್ಟ್‌ವೇರಿನಲ್ಲೂ ಮದ್ದಿಲ್ಲ. ಐಕಾನ್ ಎಂದರೆ ಅಂಗಡಿಯ ಬೋರ್ಡು ಇದ್ದ ಹಾಗೆ, ಬೋರ್ಡು ಕಿತ್ತರೆ ಒಳಗಿನ ಸಾಮಾನು ಹೋಗುವುದಿಲ್ಲ ಎಂದು ಅವರಿಗೆ ಹೇಳಿ, ಹೊರಗೆ ಬಂದು ಕಂಪ್ಯೂಟರಿನ ಮುಂದೆ ಕುರ್ಚಿ ಎಳೆದುಕೊಂಡೆ.

ಡಿ ಡ್ರೈವ್ ತೆರೆದು, ಮೇಲಿನ ವ್ಯೂ ಒತ್ತಿ, ಹಿಡನ್ ಐಟಮ್ಸ್ ಎಂಬಲ್ಲಿ ಟಿಕ್ ಹಾಕಿದೆ. ಸಾಮಾನ್ಯವಾಗಿ ಅಡಗಿಸಿಟ್ಟದ್ದೆಲ್ಲ ಇಷ್ಟಕ್ಕೇ ಮಾಸಿದ ಬಣ್ಣದಲ್ಲಿ ಎದ್ದು ಬರುತ್ತದೆ. ಏನೂ ಬರಲಿಲ್ಲ. ನನ್ನ ಬೆನ್ನ ಹಿಂದೆ ಅಣ್ಣ ಉಸಿರು ಬಿಟ್ಟದ್ದು ಕೇಳಿಸಿತು. ಬೆಂಚಿನ ಮೇಲಿದ್ದವಳು ಸಿಗುತ್ತದೆಯೇ ಎಂದು ಕೇಳಿದಳು. ಸಿಕ್ಕೇ ಸಿಗುತ್ತದೆ ಎಂದೆ. ಹಾಗೆಂದಾಗ ನನಗೆ ಗೊತ್ತಿದ್ದದ್ದು ನಾನು ಅಳಿಸಿಲ್ಲ ಎಂಬುದೊಂದೇ.

ಆಮೇಲೆ ತಲೆ ಓಡಿತು. ಕಾಣುವ ಫೋಲ್ಡರುಗಳನ್ನೆಲ್ಲ ಒಟ್ಟಿಗೆ ಹಿಡಿದು ಎಷ್ಟು ಜಾಗ ತಿಂದಿವೆ ಎಂದು ನೋಡಿದೆ. ಡ್ರೈವಿನಲ್ಲಿ ಒಟ್ಟು ಎಷ್ಟು ತುಂಬಿದೆ ಎಂದೂ ನೋಡಿದೆ. ಎರಡಕ್ಕೂ ತಾಳೆಯೇ ಇರಲಿಲ್ಲ. ಕಣ್ಣಿಗೆ ಕಾಣದ ಯಾವುದೋ ಒಂದು ದೊಡ್ಡ ಜಾಗ ಹಿಡಿದು ಕೂತಿತ್ತು. ಹಳೆಯ ಮೆಕ್ಯಾನಿಕ್ ಗಟ್ಟಿ ಆಸಾಮಿ ಎಂದು ಆಗ ತಿಳಿಯಿತು. ಅವನು ಫೋಲ್ಡರನ್ನು ಅಡಗಿಸಿದ್ದಷ್ಟೇ ಅಲ್ಲ, ಇದು ಕಂಪ್ಯೂಟರಿನ ಸ್ವಂತ ಸಿಸ್ಟಮ್ ಫೋಲ್ಡರ್ ಎಂಬ ಮುದ್ರೆಯನ್ನೂ ಒತ್ತಿದ್ದ. ಅಂಥದ್ದು ಮೊದಲ ಟಿಕ್ಕಿಗೆ ಜಗ್ಗುವುದಿಲ್ಲ. ಫೋಲ್ಡರ್ ಆಪ್ಷನ್ಸಿಗೆ ಹೋಗಿ, ವ್ಯೂ ಪುಟದಲ್ಲಿ ಕೆಳಗಿಳಿದು, ಆಪರೇಟಿಂಗ್ ಸಿಸ್ಟಮ್ಮಿನ ರಕ್ಷಿತ ಫೈಲುಗಳನ್ನು ಮರೆಮಾಡು ಎಂಬರ್ಥದ ಸಾಲಿನ ಮುಂದಿದ್ದ ಟಿಕ್ ತೆಗೆದೆ. ಇವು ತೋರಿಸುವಂಥವಲ್ಲ, ಖಂಡಿತ ನೋಡಬೇಕೇ ಎಂದು ಕಂಪ್ಯೂಟರ್ ಎಚ್ಚರಿಸಿತು. ಹೌದು ಎಂದು ಒತ್ತಿದೆ.

ಬಹಳ ಸಲ ಒಗೆದ ಸೀರೆಯ ಬಣ್ಣದ ಒಂದು ಫೋಲ್ಡರ್ ಸುಮ್ಮನೆ ಬಂದು ಕೂತಿತು. ಹೇಳಿದ್ನಲ್ಲ ಎನ್ನುವ ಹಾಗೆ ಅಣ್ಣನ ಮುಖ ನೋಡಿದೆ. ಆ ಸುಖವನ್ನು ನಾನು ಯಾರಿಗೂ ಬಿಟ್ಟುಕೊಡುವವಳಲ್ಲ.

ಒಳಗೆ ಇನ್ನೂ ಬದುಕಿರುವವರ ಮುಖಗಳೂ ಇದ್ದವು. ಅವು ಅವಳ ಕಣ್ಣಿಗೆ ಬೀಳಬಾರದೆಂದು ಅಣ್ಣ ಮಾನಿಟರನ್ನು ತಮ್ಮ ಕಡೆ ತಿರುಗಿಸಿಕೊಂಡರು. ಬಾದನಹಟ್ಟಿಯ ಫೋಲ್ಡರ್ ತೆರೆದು ಮೆಲ್ಲಗೆ ಕೆಳಗಿಳಿಯುತ್ತ ಹೋದರು. ಒಂದು ಕಡೆ ಕೈ ನಿಂತಿತು. ಆ ಒಂದನ್ನೇ ಪರದೆಯ ತುಂಬ ತೆರೆದು ಅವಳನ್ನು ಕರೆದರು.

ಕಲ್ಯಾಣ ಮಂಟಪದ ಅಡುಗೆಮನೆಯ ಬಾಗಿಲು. ಅಲ್ಲಿ ಮಗುಚಿ ಹಾಕಿದ ಒಂದು ದೊಡ್ಡ ಪಾತ್ರೆಯ ಮೇಲೆ ಆ ತಾಯಿ ಹತ್ತಿ ನಿಂತಿದ್ದರು. ಒಂದು ಕೈ ಬಾಗಿಲ ಚೌಕಟ್ಟು ಹಿಡಿದಿತ್ತು. ಇನ್ನೊಂದು ಕೈ ಮೇಲಕ್ಕೆ ಚಾಚಿತ್ತು, ಬೆರಳ ಸಂದಿಯಿಂದ ಅಕ್ಷತೆ ಹಾರಿ ಗಾಳಿಯಲ್ಲಿತ್ತು. ತಲೆಯ ಸೆರಗು ಹೆಗಲಿಗೆ ಜಾರಿತ್ತು, ಬಾಯಿ ಅರೆ ತೆರೆದಿತ್ತು. ಮುಂದೆ ನಿಂತವರ ತಲೆಗಳ ಮೇಲಿಂದ ಕಣ್ಣು ನೆಟ್ಟು ದೂರಕ್ಕೆ ನೋಡುತ್ತಿದ್ದರು.

ಮಗಳು ಪರದೆಯ ಹತ್ತಿರ ಬಗ್ಗಿದಳು.

"ಅವ್ವ ನೋಡ್ಯಾಳ" ಎಂದಳು, ತನಗೆ ತಾನೇ.

ಅಣ್ಣನಿಗೆ ಅವರ ಕಸುಬಿನ ಚಿಂತೆ. ಕೂದಲು ಕೆದರಿದೆ, ಬಾಯಿ ತೆರೆದಿದೆ, ದಿವಸಕ್ಕೆ ಇಡುವ ಫೋಟೋ ಹೀಗಿರಬಾರದು, ಮುಖವಷ್ಟೇ ಕತ್ತರಿಸಿ ಬಾಯಿ ಸರಿ ಮಾಡಿ ಹಿಂದೆ ಆಕಾಶ ಹಾಕಿ ಕೊಡುತ್ತೇನೆ ಎಂದರು. ಅವಳು ಬೇಡವೆಂದು ತಲೆ ಅಲ್ಲಾಡಿಸಿ, ಪರದೆಯ ಮೇಲೆ ತಾಯಿಯ ಕಾಲ ಕೆಳಗಿನ ಪಾತ್ರೆಯ ಮೇಲೆ ಬೆರಳಿಟ್ಟಳು.

"ಏನೂ ಕತ್ತರಿಸಬ್ಯಾಡ್ರಿ. ಬಾಗಲಾ ಇರ್ಲಿ, ಇದೂ ಇರ್ಲಿ. ನಾಳಿ ಮಂದಿ ಬಂದು ಇದ್ಯಾವಾಗಿಂದು ಅಂತ ಕೇಳಿದ್ರ, ನನ್ನ ಮದಿವ್ಯಾಗಿಂದು ಅಂತ ಹೇಳ್ತೀನ್ರಿ."